ಹಾಲ್ ಚಿಕ್ಕದು, ಹಾಸು ಎಷ್ಟು ದೊಡ್ಡದಿರಬೇಕು?

ಹಿಂದಿನ ಸಂಚಿಕೆಯಲ್ಲಿ ಪರದೆಗಳ ಬಗ್ಗೆ ಬರೆದಾಗ, ನೆಲಕ್ಕೆ ಹಾಸುವ ಕಾರ್ಪೆಟ್, ಜಮಖಾನಗಳ ಬಗ್ಗೆ ಏನಾದರೂ ಕೇಳಬೇಕಿದ್ದರೆ ಬರೆಯಿರಿ ಅಂದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಚಿಕ್ಕ ಹಾಲ್ ಇರುವವರದು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಆಯ್ದ ಎಂಟಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಅಂಗಡಿಯವರು ಕಾರ್ಪೆಟ್ ಅನ್ನುತ್ತಾರೆ, ಆನ್‌ಲೈನ್‌ನಲ್ಲಿ ರಗ್ ಅಂತಿರುತ್ತದೆ, ನಮ್ಮ ಮನೆಯಲ್ಲಿ ಇವತ್ತಿಗೂ ಎಲ್ಲದಕ್ಕೂ ಜಮಖಾನ ಅಂತಲೇ ಹೆಸರು. ಬಾಯಿಗೆ ಬಂದ ಹಾಗೆ ಬರೆಯುತ್ತೇನೆ, ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮದು ಬಾಡಿಗೆಯ ಎರಡು ಬೆಡ್‌ರೂಮ್ ಫ್ಲ್ಯಾಟ್. ಹಾಲ್ 10 ಅಡಿಗೆ 13 ಅಡಿ. ಉದ್ದದ ಗೋಡೆಗೆ ಆರೂವರೆ ಅಡಿಯ ಸೋಫಾ, ಎದುರಿಗೆ ಟಿವಿ. ಜಾಗ ಚಿಕ್ಕದು ಅಂತ ಆನ್‌ಲೈನ್‌ನಲ್ಲಿ 3 ಅಡಿಗೆ 5 ಅಡಿಯ ರಗ್ ತರಿಸಿದೆ. ಹಾಸಿದ ಮೇಲೆ ಹಾಲ್ ಇನ್ನೂ ಚಿಕ್ಕದಾದ ಹಾಗೆ ಕಾಣುತ್ತಿದೆ. ಎಲ್ಲಿ ತಪ್ಪಿದೆ ಮೇಡಂ?
– ಓದುಗರು, ಬನಶಂಕರಿ, ಬೆಂಗಳೂರು

ಅಳತೆಯಲ್ಲಿ. ಇದು ನಿಮ್ಮೊಬ್ಬರ ತಪ್ಪಲ್ಲ, ಬಂದ ಪತ್ರಗಳಲ್ಲಿ ಅರ್ಧ ಇದೇ ಕಥೆ ಹೇಳುತ್ತವೆ. ಹಾಲ್ ಚಿಕ್ಕದು, ಹಾಗಾಗಿ ಹಾಸೂ ಚಿಕ್ಕದಿರಲಿ ಅಂತ ಅನ್ನಿಸುವುದು ಸಹಜ. ಆದರೆ ನೆಲದ ನಡುವೆ ಒಂದು ಸಣ್ಣ ತುಂಡು ಬಿದ್ದಾಗ ಕಣ್ಣು ಮೊದಲು ಆ ತುಂಡಿನ ಅಂಚನ್ನು ನೋಡುತ್ತದೆ, ಆಮೇಲೆ ಅದರ ಸುತ್ತಲಿನ ಖಾಲಿ ಟೈಲ್ಸನ್ನು, ಆಮೇಲೆ ದೂರದಲ್ಲಿ ಬೇರೆಯಾಗಿ ನಿಂತ ಸೋಫಾವನ್ನು. ನೆಲ ತುಂಡು ತುಂಡಾಗಿ ಕಾಣುತ್ತದೆ. ಅದೇ ಹಾಸು ಸೋಫಾದ ಮುಂದಿನ ಕಾಲುಗಳ ಕೆಳಗೆ ಹೋಗಿ, ಎರಡೂ ಪಕ್ಕ ಸ್ವಲ್ಪ ಹೊರಗೆ ಬಂದರೆ, ಕೂರುವ ಜಾಗವೆಲ್ಲ ಒಂದೇ ಅಂತ ಕಾಣುತ್ತದೆ.

ನಿಮ್ಮ ಹಾಲ್‌ನ ಲೆಕ್ಕವನ್ನೇ ಹಾಕೋಣ. ಗೋಡೆಯಿಂದ ಗೋಡೆಗೆ 10 ಅಡಿ. ಸೋಫಾದ ಆಳ ಸಾಮಾನ್ಯವಾಗಿ 3 ಅಡಿ, ಟಿವಿ ಸ್ಟ್ಯಾಂಡ್ ಒಂದೂಕಾಲು ಅಡಿ. ನಡುವೆ ಉಳಿಯುವುದು 5 ಅಡಿ 9 ಇಂಚು. ಇಲ್ಲಿಗೆ 5 ಅಡಿಗೆ 8 ಅಡಿಯ ಹಾಸು ಸರಿ. 8 ಅಡಿ ಸೋಫಾದ ಉದ್ದಕ್ಕೆ ಬರಲಿ, ಆಗ ಎರಡೂ ಪಕ್ಕ ಒಂಬತ್ತೊಂಬತ್ತು ಇಂಚು ಹೊರಗಿರುತ್ತದೆ. 5 ಅಡಿಯಲ್ಲಿ ಹತ್ತು ಇಂಚು ಸೋಫಾದ ಕೆಳಗೆ ಹೋಗಲಿ. ಟಿವಿ ಕಡೆ ಒಂದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಟೈಲ್ಸ್ ಕಾಣುತ್ತದೆ. ಅಷ್ಟು ನೆಲ ಕಾಣಲೇಬೇಕು, ಪೂರ್ತಿ ಮುಚ್ಚಿದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಟೀಪಾಯಿ ಇದ್ದರೆ ಅದರ ನಾಲ್ಕೂ ಕಾಲು ಹಾಸಿನ ಮೇಲೇ ಇರಲಿ. ಎರಡು ಒಳಗೆ ಎರಡು ಹೊರಗೆ ಅಂತಾದರೆ ಲೋಟ ಇಟ್ಟಾಗಲೆಲ್ಲ ಅಲುಗಾಡುತ್ತದೆ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಹಳೇ ದಿನಪತ್ರಿಕೆಗಳನ್ನು ಅಂಟಿಸಿ 5 ಅಡಿಗೆ 8 ಅಡಿಯ ಹಾಳೆ ಮಾಡಿ, ಎರಡು ದಿನ ಹಾಲ್‌ನಲ್ಲಿ ಹಾಸಿಡಿ. ಸುಮ್ನೆ ನಿಂತು ನೋಡಬೇಡಿ, ಅದರ ಮೇಲೆ ಓಡಾಡಿ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಬಾಗಿಲಿಗೆ ಹೋಗುವಾಗ ಕಾಲು ಎಲ್ಲಿ ಬೀಳುತ್ತದೆ, ಬಾಲ್ಕನಿಗೆ ಬಟ್ಟೆ ಒಣಹಾಕಲು ಹೋಗುವಾಗ ಅಂಚು ಸಿಗುತ್ತದಾ, ಎಲ್ಲ ತಿಳಿಯುತ್ತದೆ. ಪೇಪರ್ ಎಲ್ಲಿ ಹರಿದಿದೆಯೋ ಅದೇ ನಿಮ್ಮ ದಾರಿ. ಅಲ್ಲಿ ಹಾಸಿನ ಅಂಚು ಬಾರದ ಹಾಗೆ ಸೋಫಾ ಸಹಿತ ಅರ್ಧ ಅಡಿ ಆಚೆ ಸರಿಸಿ.

ಇನ್ನೆರಡು ವಿಷಯ. ಮುಂಬಾಗಿಲು ಹಾಲ್‌ಗೇ ತೆರೆಯುತ್ತಿದ್ದರೆ ಬಾಗಿಲಿನ ತಳಕ್ಕೂ ನೆಲಕ್ಕೂ ಎಷ್ಟು ಸಂದಿ ಇದೆ ಅಂತ ಅಳೆಯಿರಿ. ದಪ್ಪ ಕಾರ್ಪೆಟ್ ತಂದು, ಆಮೇಲೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ ಅಂತ ಬರೆದವರು ಮೂವರಿದ್ದಾರೆ. ಬಾಡಿಗೆ ಮನೆಯಲ್ಲಿ ಬಾಗಿಲು ಹೆರೆಸುವ ಮಾತೇ ಇಲ್ಲ. ಎರಡನೆಯದು, ಅಂಗಡಿಯ '5×8' ಅನ್ನುವುದು ಎಷ್ಟೋ ಸಲ 160 ಸೆಂಟಿಮೀಟರಿಗೆ 230 ಸೆಂಟಿಮೀಟರ್, ಅಂದರೆ ಉದ್ದ ಏಳೂವರೆ ಅಡಿ ಚಿಲ್ಲರೆ ಮಾತ್ರ. ನಿಮ್ಮ ಸೋಫಾಕ್ಕೆ ಅದೂ ಸಾಕಾಗುತ್ತದೆ. ಆದರೆ ಆನ್‌ಲೈನ್‌ನಲ್ಲಿ ತರಿಸುವಾಗ ಸೆಂಟಿಮೀಟರ್ ನೋಡಿಯೇ ತರಿಸಿ.

ಈಗಿರುವ 3×5 ಹಾಸನ್ನು ಮಂಚದ ಪಕ್ಕಕ್ಕೆ ಹಾಕಿ. ಬೆಳಿಗ್ಗೆ ಎದ್ದು ಕಾಲಿಡುವ ಜಾಗಕ್ಕೆ ಅದು ಹೇಳಿ ಮಾಡಿಸಿದ ಅಳತೆ.

ಪ್ರಶ್ನೆ: ನಮ್ಮತ್ತೆಯವರು ಮದುವೆಯಲ್ಲಿ ತಂದಿದ್ದ ನವಲಗುಂದದ ಜಮಖಾನ ಟ್ರಂಕಿನಲ್ಲಿದೆ. ಹೊಸ ಫ್ಲ್ಯಾಟಿನ ಹಾಲ್‌ಗೆ ಹಾಸೋಣ ಅಂದರೆ ಮಗಳು 'ಮದುವೆ ಮಂಟಪದ ಥರ ಕಾಣತ್ತೆ' ಅನ್ನುತ್ತಾಳೆ. ನೀವೇನಂತೀರಿ?
– ಓದುಗರು, ಹುಬ್ಬಳ್ಳಿ

ದಯವಿಟ್ಟು ಹಾಸಿ. ಇವತ್ತೇ ಟ್ರಂಕಿನಿಂದ ತೆಗೆಯಿರಿ.

ನವಲಗುಂದ ನಿಮ್ಮೂರಿಂದ ಒಂದು ಗಂಟೆಯ ದಾರಿ. ಅಲ್ಲಿ ಜಮಖಾನ ನೇಯುವವರು ಹೆಂಗಸರು, ಮಗ್ಗ ಮನೆಯೊಳಗೇ ಇರುತ್ತದೆ. ನಿಲ್ಲಿಸಿದ ಮಗ್ಗದ ಮುಂದೆ ಅಕ್ಕಪಕ್ಕ ಕೂತು, ಬಣ್ಣಬಣ್ಣದ ಹತ್ತಿ ನೂಲನ್ನು ಕೈಯಲ್ಲೇ ಎಳೆಯೆಳೆಯಾಗಿ ತೂರಿಸಿ, ಬಾಚಣಿಗೆಯಂಥ ಹಲ್ಲಿನ ಪಂಜದಿಂದ ಬಡಿದು ಕೂರಿಸುತ್ತಾರೆ. ಆ ಬಡಿತ ಗಟ್ಟಿಯಾಗಿದ್ದಷ್ಟೂ ಜಮಖಾನ ಬಿಗಿಯಾಗಿ ಬಾಳಿಕೆ ಬರುತ್ತದೆ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದಿಂದ ಬಂದ ಮನೆತನಗಳ ಕಸುಬು ಇದು ಅಂತ ಹೇಳುವುದುಂಟು. ನವಲಗುಂದ ಜಮಖಾನಕ್ಕೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತೂ ಇದೆ. ಪಗಡೆ ಹಾಸಿನಂಥ ಚೌಕಗಳು, ನವಿಲು, ಕಡ್ಡಿ ಎಳೆದ ಹಾಗಿರುವ ನೇರ ಗೆರೆಗಳು. ನವಿಲು ಕೂಡ ಮೆಟ್ಟಿಲು ಮೆಟ್ಟಿಲಾಗಿಯೇ ಮೂಡುತ್ತದೆ, ಯಾಕೆಂದರೆ ಈ ನೇಯ್ಗೆಯಲ್ಲಿ ಬಾಗಿದ ಗೆರೆ ಬರುವುದೇ ಹಾಗೆ. ಮೂಲೆ ಮಡಚಿ ನೋಡಿ, ಎರಡೂ ಕಡೆ ಚಿತ್ತಾರ ಒಂದೇ ಥರ ಇರುತ್ತದೆ. ಒಂದು ಕಡೆ ಬಣ್ಣ ಮಾಸಿದರೆ ತಿರುಗಿಸಿ ಹಾಸಬಹುದು. ಒಂದು ಹಾಸು ಎರಡು ಹಾಸಿನ ಕೆಲಸ ಮಾಡುತ್ತದೆ.

ಚಿಕ್ಕ ಹಾಲ್‌ಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ ಅನ್ನುವುದು ನನ್ನ ಅಭಿಪ್ರಾಯ. ತೆಳ್ಳಗಿರುವುದರಿಂದ ಬಾಗಿಲಿಗೆ ತಾಕುವುದಿಲ್ಲ. ಹಬ್ಬಕ್ಕೆ ಜನ ಬಂದರೆ ಸೋಫಾ ಸರಿಸಿ ಎಲ್ಲರೂ ಕೂರಬಹುದು, ಊಟದ ಎಲೆ ಹಾಕುವಾಗ ಮಡಚಿ ಮೂಲೆಗಿಡಬಹುದು. ದಪ್ಪ ಕಾರ್ಪೆಟ್ ಮಡಚುವುದಕ್ಕೆ ಬರುತ್ತದಾ? ಮತ್ತೆ, ಮನೆಯಲ್ಲೇ ಒಗೆಯಬಹುದು.

ಮಗಳ ಮಾತಿನಲ್ಲೂ ಅರ್ಥವಿದೆ. ಜಮಖಾನದಲ್ಲಿ ಕೆಂಪು, ಹಳದಿ, ನೀಲಿ ಎಲ್ಲ ಗಟ್ಟಿ ಬಣ್ಣಗಳೇ. ಅದರ ಜೊತೆಗೆ ಹೂವಿನ ಸೋಫಾ ಕವರ್, ಚಿತ್ತಾರದ ಪರದೆ, ಬಣ್ಣದ ದಿಂಬು ಎಲ್ಲ ಸೇರಿದರೆ ಮಂಟಪದ ಹಾಗೇ ಆಗುತ್ತದೆ. ಸೋಫಾಕ್ಕೆ ಒಂದೇ ಬಣ್ಣದ ಬಟ್ಟೆ ಇರಲಿ, ಬೂದಿಯೋ ಗೋಧಿ ಬಣ್ಣವೋ. ಪರದೆಯೂ ಹಾಗೇ. ಬಣ್ಣ ನೆಲದಲ್ಲಿ ಮಾತ್ರ ಇರಲಿ. ಮಗಳನ್ನು ಕೂರಿಸಿಕೊಂಡೇ ಹಾಸಿ, ಒಂದು ವಾರ ಬಿಟ್ಟು ಮತ್ತೆ ಕೇಳಿ.

ಇಷ್ಟು ವರ್ಷ ಟ್ರಂಕಿನಲ್ಲಿದ್ದದ್ದು, ಹಾಗಾಗಿ ಮೊದಲು ಬಿಸಿಲಿಗೆ ಹಾಕಿ ಚೆನ್ನಾಗಿ ಕೊಡವಿ. ಒಗೆಯುವ ಮುಂಚೆ ಬಿಳಿ ಬಟ್ಟೆ ಒದ್ದೆ ಮಾಡಿ ಕೆಂಪು ಬಣ್ಣದ ಮೇಲೆ ಒಂದು ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ನೀರಿಗೆ ಹಾಕಬೇಡಿ, ಒರೆಸಿ ಬಿಸಿಲು ತೋರಿಸಿದರೆ ಸಾಕು. ಹತ್ತದಿದ್ದರೆ ತಣ್ಣೀರು, ಅಂಟುವಾಳದ ನೀರು ಅಥವಾ ಸೌಮ್ಯವಾದ ಸೋಪಿನ ಪುಡಿ. ನೆನೆದ ಜಮಖಾನ ಭಾರೀ ತೂಕ, ಒಬ್ಬರೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಒಣಹಾಕುವುದು ನೆರಳಲ್ಲಿ.

ಪ್ರಶ್ನೆ: ಸೆಣಬಿನ ರಗ್ ನೋಡಲು ಚೆಂದ ಅಂತ ಬೇಸಿಗೆಯಲ್ಲಿ ತಂದೆವು. ಜುಲೈ ಹೊತ್ತಿಗೆ ಅದರ ಕೆಳಗೆ ಕಪ್ಪು ಚುಕ್ಕಿ, ಮುಗ್ಗಲು ವಾಸನೆ. ನಮ್ಮದು ಕೆಂಪು ಕಾವಿ ನೆಲದ ಹಳೇ ಮನೆ. ಏನು ಹಾಸಬೇಕು?
– ಓದುಗರು, ಮಂಗಳೂರು

ಸೆಣಬು ನಿಮ್ಮ ಊರಿಗೆ ಅಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಾಗ ಅದು. ಸೆಣಬು ಗಾಳಿಯ ತೇವವನ್ನೆಲ್ಲ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ತಣ್ಣಗಿನ ನೆಲ, ಗಾಳಿ ಆಡುವುದಿಲ್ಲ, ಬೂಸು ಬರಲು ಇಷ್ಟು ಸಾಕು. ಕಪ್ಪು ಚುಕ್ಕಿ ಹರಡಿದ್ದರೆ ಅದನ್ನು ಉಳಿಸುವ ಪ್ರಯತ್ನ ಬೇಡ. ನೀರು ಹಾಕಿ ತೊಳೆದರೆ ಸೆಣಬು ಇನ್ನೂ ಕೆಡುತ್ತದೆ.

ನೀವು ಎರಡು ಹಾಸು ಇಟ್ಟುಕೊಳ್ಳಿ. ಅಕ್ಟೋಬರಿನಿಂದ ಮೇ ತನಕ ಹತ್ತಿಯ ಜಮಖಾನ. ಜೂನ್ ಮೊದಲ ಮಳೆಗೆ ಮುಂಚೆ ಅದನ್ನು ಬಿಸಿಲಿಗೆ ಹಾಕಿ, ಸುತ್ತಿ, ಹಳೇ ಹತ್ತಿ ಸೀರೆಯಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ. ಮಳೆಗಾಲಕ್ಕೆ ಪಾಲಿಪ್ರೊಪಿಲೀನ್ ಹಾಸು, ಅಂದರೆ ಪ್ಲಾಸ್ಟಿಕ್ ನೂಲಿನ ಚಾಪೆಯ ಜಾತಿಯದು. ಅದು ನೀರು ಹೀರುವುದಿಲ್ಲ, ಒರೆಸಿದರೆ ಆಯಿತು. ಮಳೆಗಾಲದಲ್ಲಿ ನೆಲವನ್ನು ಖಾಲಿಯೇ ಬಿಟ್ಟರೂ ತಪ್ಪೇನಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಕಾವಿ ನೆಲ. ದಶಕಗಟ್ಟಲೆ ಒರೆಸಿ ಒರೆಸಿ ಬಂದ ಆ ಹೊಳಪನ್ನು ಈಗ ದುಡ್ಡು ಕೊಟ್ಟು ಮಾಡಿಸಲು ಆಗುವುದಿಲ್ಲ. ಹಿಂಬದಿಗೆ ರಬ್ಬರ್ ಅಥವಾ ಪಿವಿಸಿ ಅಂಟಿಸಿದ ಹಾಸನ್ನು ಅದರ ಮೇಲೆ ತಿಂಗಳುಗಟ್ಟಲೆ ಬಿಡಬೇಡಿ. ಸೆಕೆಗೆ ಅದು ಅಂಟಿಕೊಂಡು ನೆಲದಲ್ಲಿ ಕಲೆ ಉಳಿಸಬಹುದು. ಏನೇ ಹಾಸಿದರೂ ವಾರಕ್ಕೊಮ್ಮೆ ಎತ್ತಿ, ನೆಲ ಒರೆಸಿ, ಒಣಗಿದ ಮೇಲೆ ಹಾಸಿ. ಮತ್ತೆ, ಅಂಥ ನೆಲವನ್ನು ಪೂರ್ತಿ ಮುಚ್ಚಬೇಡಿ. 4 ಅಡಿಗೆ 6 ಅಡಿಯ ಒಂದು ಸಾಕು, ಉಳಿದದ್ದು ಕಾಣಲಿ.

ಪ್ರಶ್ನೆ: ನಮ್ಮತ್ತೆಗೆ 76 ವರ್ಷ, ವಾಕರ್ ಹಿಡಿದು ನಡೆಯುತ್ತಾರೆ. 5 ವರ್ಷದ ಮಗನಿಗೆ ಉಬ್ಬಸ ಇದೆ. ಹಾಲ್‌ಗೆ ಮೆತ್ತನೆಯ ಕಾರ್ಪೆಟ್ ಹಾಕಿದರೆ ಇಬ್ಬರಿಗೂ ಒಳ್ಳೆಯದಲ್ವಾ?
– ಓದುಗರು, ಕುವೆಂಪುನಗರ, ಮೈಸೂರು

ಇಲ್ಲ. ನಿಮ್ಮ ಮನೆಗೆ ಹಾಸು ಬೇಡ ಅಂತಲೇ ಹೇಳುತ್ತೇನೆ.

ವಾಕರಿನ ಕಾಲು ಹಾಸಿನ ಅಂಚಿಗೆ ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು. ಆ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಅಂತ ನಮ್ಮ ಅಜ್ಜಿಯ ವಿಷಯದಲ್ಲಿ ನಾನು ನೋಡಿದ್ದೇನೆ. ಬಾತ್‌ರೂಮಿನಲ್ಲಿ ಅಲ್ಲ, ಹಾಲ್‌ನಲ್ಲೇ ಬಿದ್ದಿದ್ದು, ಮಡಚಿಕೊಂಡಿದ್ದ ಕಾಲೊರಸಿಗೆ ಎಡವಿ. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ನಿಮ್ಮ ಮನೆಯ ಕಾಲೊರಸುಗಳನ್ನೂ ಇವತ್ತೇ ನೋಡಿ, ಜಾರುವಂಥವು, ಅಂಚು ಎದ್ದಿರುವಂಥವು ಎಲ್ಲವನ್ನೂ ತೆಗೆಯಿರಿ. ಬಾತ್‌ರೂಮಿನ ಮುಂದೆ ಒಂದು ಬೇಕೇ ಬೇಕು ಅಂದರೆ ತೆಳ್ಳಗಿನದು, ಕೆಳಗೆ ಜಾರದ ರಬ್ಬರ್ ಇರುವುದು, ಮೂಲೆಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ.

ಮಗನ ವಿಷಯ. ದಪ್ಪ ಕಾರ್ಪೆಟ್ಟಿನ ಎಳೆಗಳ ಬುಡದಲ್ಲಿ ದೂಳಿನ ಜೊತೆ ಕಣ್ಣಿಗೆ ಕಾಣದ ದೂಳುಹುಳುಗಳು ಸೇರಿಕೊಳ್ಳುತ್ತವೆ. ಎಷ್ಟೋ ಮಕ್ಕಳಿಗೆ ಉಬ್ಬಸ ಕೆರಳುವುದು ಅವುಗಳಿಂದಲೇ. ವ್ಯಾಕ್ಯೂಮ್ ಹಾಕಿದರೆ ಮೇಲಿನದು ಹೋಗುತ್ತದೆ, ಬುಡದ್ದು ಪೂರ್ತಿ ಹೋಗುವುದಿಲ್ಲ. ದಿನಾ ಒರೆಸುವ ಟೈಲ್ಸ್ ನೆಲವೇ ಅವನಿಗೆ ಕ್ಷೇಮ. ಆಟಕ್ಕೆ ಕೂರಲು ಒಂದು ಹತ್ತಿ ಚಾದರ ಹಾಸಿ, ಆಟ ಮುಗಿದ ಮೇಲೆ ಮಡಚಿ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನೀರು 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಆ ಹುಳುಗಳು ಸಾಯುತ್ತವೆ, ವಾಷಿಂಗ್ ಮೆಷಿನ್ನಿನಲ್ಲಿ ಆ ಗುರುತು ಇರುತ್ತದೆ ನೋಡಿ.

ಹಾಲ್ ಬೋಳು ಬೋಳಾಗಿ ಕಾಣುತ್ತದೆ ಅನ್ನುವ ಬೇಸರ ನಿಮ್ಮ ಪತ್ರದಲ್ಲಿದೆ. ದಿವಾನ್ ಇದೆ ಅಂತಲೂ ಬರೆದಿದ್ದೀರಿ, ಅಲ್ವಾ? ಬಣ್ಣದ ಜಮಖಾನ ಅದರ ಮೇಲೆ ಹಾಸಿ. ಇನ್ನೊಂದು ಚಿಕ್ಕದನ್ನು ಗೋಡೆಗೆ ತೂಗುಹಾಕಿ. ಎರಡನ್ನೂ ಆಗಾಗ ಒಗೆದರೆ ಸರಿ, ಯಾರ ಕಾಲಿಗೂ ಸಿಗುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಕರಿ ಕಂಬಳಿ ಇದೆ, ಚಳ್ಳಕೆರೆ ಕಡೆಯದು. ಹಾಲ್‌ನಲ್ಲಿ ಹಾಸಬಹುದಾ?
– ಓದುಗರು, ಚಿತ್ರದುರ್ಗ

ಮೊದಲು ಮನೆಯ ಹಿರಿಯರನ್ನು ಕೇಳಿ. ಎಷ್ಟೋ ಮನೆಗಳಲ್ಲಿ ಕರಿ ಕಂಬಳಿ ದೇವರ ಗದ್ದುಗೆಗೆ ಹಾಸುವ ವಸ್ತು, ಅದನ್ನು ತುಳಿಯುವುದಿಲ್ಲ. ಅವರು ಒಪ್ಪಿದರೂ, ನೆಲಕ್ಕಿಂತ ದಿವಾನ್‌ಗೋ ಆರಾಮ ಕುರ್ಚಿಯ ಬೆನ್ನಿಗೋ ಹಾಕಿ ಅನ್ನುತ್ತೇನೆ. ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಹಚ್ಚಿ ಗಡುಸು ಮಾಡಿರುತ್ತಾರೆ, ಹೊದ್ದವನ ಮೇಲೆ ಮಳೆ ನೀರು ಜಾರಿಹೋಗಲಿ ಅಂತ. ಹಾಗಾಗಿ ನೀರಿನಲ್ಲಿ ನೆನೆಸಿ ಒಗೆದರೆ ಆ ಗಂಜಿ ಬಿಟ್ಟು ಕಂಬಳಿ ಸಡಿಲವಾಗುತ್ತದೆ. ಉಣ್ಣೆ ಆದ್ದರಿಂದ ನುಸಿ ಬೀಳುವ ಭಯ ಇದ್ದೇ ಇದೆ, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೊಡವಿ. ಮಡಿಕೆಗಳಲ್ಲಿ ಒಣಗಿದ ಬೇವಿನ ಎಲೆ ಇಡಿ.

ಪ್ರಶ್ನೆ: ಮೇಳವೊಂದರಲ್ಲಿ 'ಕೈಯಲ್ಲಿ ಮಾಡಿದ ರೇಷ್ಮೆ ಕಾರ್ಪೆಟ್' ಅಂತ ಅರ್ಧ ಬೆಲೆಗೆ ಕೊಡುತ್ತಿದ್ದಾರೆ. ನಿಜವಾ ಅಂತ ತಿಳಿಯುವುದು ಹೇಗೆ?
– ಓದುಗರು, ತುಮಕೂರು

ಮೂಲೆ ತಿರುಗಿಸಿ. ಬೆಲೆ, ಬಣ್ಣ, ಮಾತು ಎಲ್ಲ ಆಮೇಲೆ.

ಗಂಟು ಹಾಕಿ ನೇಯ್ದ ಕಾರ್ಪೆಟ್ ಆದರೆ, ಕಾಶ್ಮೀರದ್ದೋ ಉತ್ತರ ಪ್ರದೇಶದ ಭದೋಹಿಯದ್ದೋ, ಮುಂದಿನ ಚಿತ್ತಾರ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಒಂದೊಂದು ಗಂಟೂ ಸಣ್ಣ ಮಣಿಯ ಹಾಗೆ. ಸ್ಕೇಲ್ ಇಟ್ಟು ಒಂದು ಇಂಚಿಗೆ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅಂತ ಎಣಿಸಬಹುದು. ಒಂಬತ್ತಕ್ಕೆ ಒಂಬತ್ತು ಅಂದರೆ ಚದರ ಇಂಚಿಗೆ 81 ಗಂಟು. ರೇಷ್ಮೆಯಲ್ಲಿ ಇದು ನೂರುಗಳ ಲೆಕ್ಕಕ್ಕೆ ಹೋಗುತ್ತದೆ. ಕುಚ್ಚು ಕೂಡ ನೇಯ್ಗೆಯ ಉದ್ದದ ನೂಲೇ ಹೊರಗೆ ಬಂದಿರುವುದು, ಆಮೇಲೆ ಹೊಲಿದದ್ದಲ್ಲ.

ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಇದೂ ಕೈಯಿಂದಲೇ ಮಾಡಿದ್ದು, ಸುಳ್ಳಲ್ಲ. ಆದರೆ ಗಂಟಿಲ್ಲ. ಬಟ್ಟೆಗೆ ಗನ್ನಿನಿಂದ ನೂಲು ಚುಚ್ಚಿ, ಹಿಂದೆ ಲೇಟೆಕ್ಸ್ ಅಂಟು ಬಳಿದು, ಮೇಲೆ ಇನ್ನೊಂದು ಬಟ್ಟೆ ಮುಚ್ಚಿರುತ್ತಾರೆ. ಕೆಲವು ವರ್ಷಕ್ಕೆ ಆ ಅಂಟು ಒಣಗಿ ಪುಡಿಯಾಗುತ್ತದೆ. ನಾನು ಒಂದು ಅಂಗಡಿಯಲ್ಲಿ ಇಂಥದ್ದನ್ನೇ 'ಮೂವತ್ತು ವರ್ಷ ಬಾಳತ್ತೆ' ಅನ್ನುವ ಮಾತು ನಂಬಿ ತಂದೆ. ಆರನೇ ವರ್ಷಕ್ಕೆ ಎತ್ತಿ ಗುಡಿಸಿದಾಗ ನೆಲದ ಮೇಲೆ ಹಳದಿ ಮರಳಿನಂಥ ಪುಡಿ, ಒಂದು ಮೊರ ತುಂಬಾ. ಎಳೆಗಳು ಕೈಗೇ ಬರುತ್ತಿದ್ದವು. ಕೇಳಲು ಹೋದರೆ ಬಿಲ್ ಮೇಲೆ ಗ್ಯಾರಂಟಿ ಬರೆದಿಲ್ಲ ಅಂದರು. ಹಾಗಾಗಿ ಟಫ್ಟೆಡ್ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ, ಟಫ್ಟೆಡ್ ಬೆಲೆಗೆ ಮಾತ್ರ, ಮತ್ತು ಬಿಲ್ಲಿನಲ್ಲಿ ಏನು ಮಾಲು ಅಂತ ಬರೆಸಿಕೊಂಡು.

ಇನ್ನು ರೇಷ್ಮೆ. 'ಆರ್ಟ್ ಸಿಲ್ಕ್', 'ಬ್ಯಾಂಬೂ ಸಿಲ್ಕ್' ಅಂತ ಹೇಳಿದರೆ ಅದು ಸಾಮಾನ್ಯವಾಗಿ ವಿಸ್ಕೋಸ್, ಅಂದರೆ ಮರ, ಬಿದಿರಿನ ತಿರುಳಿನಿಂದ ತೆಗೆದ ನೂಲು. ಹೊಳಪು ರೇಷ್ಮೆಯ ಹಾಗೇ ಇರುತ್ತದೆ, ಆದರೆ ಒಂದು ಲೋಟ ನೀರು ಚೆಲ್ಲಿದರೂ ಕಲೆ ಉಳಿದು ಎಳೆ ಗಡುಸಾಗುತ್ತದೆ. ಮಕ್ಕಳಿರುವ, ಕಾಫಿ ಕುಡಿಯುವ ಹಾಲ್‌ಗೆ ಅದು ಬೇಡ. ಅನುಮಾನ ಇದ್ದರೆ ಒಂದೆರಡು ಎಳೆ ಕೇಳಿ ತೆಗೆದುಕೊಂಡು ಮನೆಗೆ ಬನ್ನಿ, ಹೊರಗೆ ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ವಿಸ್ಕೋಸ್, ಹತ್ತಿ ಕಾಗದ ಸುಟ್ಟ ಹಾಗೆ. ಪ್ಲಾಸ್ಟಿಕ್ ನೂಲು ಕರಗಿ ಗಟ್ಟಿ ಗುಂಡಾಗುತ್ತದೆ. ಎಳೆ ಕೊಡಲು ಒಪ್ಪದವರ ಹತ್ತಿರ ರೇಷ್ಮೆ ಅಂತ ದುಡ್ಡು ಕೊಡಬೇಡಿ.

ಗಂಟಿನ ಕಾರ್ಪೆಟ್ ಕೊಳ್ಳುವಾಗ ಇನ್ನೊಂದನ್ನೂ ಕೇಳಿ, ಯಾರು ನೇಯ್ದಿದ್ದು ಅಂತ. ಈ ಉದ್ಯಮದಲ್ಲಿ ಎಳೆ ಮಕ್ಕಳನ್ನು ಮಗ್ಗಕ್ಕೆ ಕೂರಿಸಿದ ದೊಡ್ಡ ಚರಿತ್ರೆಯೇ ಇದೆ. ಮಕ್ಕಳ ಹಕ್ಕುಗಳ ಹೋರಾಟಗಾರ ಕೈಲಾಶ್ ಸತ್ಯಾರ್ಥಿಯವರು 1990ರ ದಶಕದಲ್ಲಿ ರಗ್‌ಮಾರ್ಕ್ ಅನ್ನುವ ಗುರುತು ತಂದದ್ದು ಅದಕ್ಕೇ. ಈಗ ಅದರ ಹೆಸರು ಗುಡ್‌ವೀವ್. ಆ ಚೀಟಿ ಇದ್ದರೆ ಮಕ್ಕಳ ದುಡಿಮೆ ಇಲ್ಲ ಅಂತ ಪರಿಶೀಲನೆ ನಡೆದಿರುತ್ತದೆ.

ಪ್ರಶ್ನೆ: ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಾಡಿಗೆಗಿದ್ದೇವೆ. ಲೀಸ್‌ನಲ್ಲಿ ನೆಲದ ಶೇಕಡಾ 80ರಷ್ಟು ಭಾಗಕ್ಕೆ ಕಾರ್ಪೆಟ್ ಹಾಕಬೇಕು ಅಂತಿದೆ. ಮಗು ಓಡಾಡಿದರೆ ಕೆಳಗಿನವರು ಕೋಲಿನಿಂದ ಕುಟ್ಟುತ್ತಾರೆ. ಊರಿಂದ ತಂದ ಜಮಖಾನ ಹಾಸಿದರೆ ಸಾಕಾ? ಲಿವಿಂಗ್ ರೂಮ್ 11 ಅಡಿಗೆ 15 ಅಡಿ.
– ಓದುಗರು, ನ್ಯೂಯಾರ್ಕ್

ಜಮಖಾನ ಒಂದರಿಂದ ಸದ್ದು ನಿಲ್ಲುವುದಿಲ್ಲ, ಅದು ತೀರಾ ತೆಳು. ಸದ್ದು ತಡೆಯುವುದು ಅಡಿಯಲ್ಲಿ ಹಾಕುವ ಫೆಲ್ಟ್ ಪ್ಯಾಡ್, ಅಂದರೆ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಮರದ ನೆಲ ಅಲ್ವಾ, ಒಂದು ಸೆಂಟಿಮೀಟರ್ ಹತ್ತಿರ ದಪ್ಪ ಇರುವ ಫೆಲ್ಟ್ ತನ್ನಿ. ಪ್ರತಿ ಅಂಚಿನಲ್ಲೂ ಕಾರ್ಪೆಟ್ಟಿಗಿಂತ ಒಂದು ಇಂಚು ಒಳಗಿರುವಂತೆ ಕತ್ತರಿಸಿ, ಆಗ ಹೊರಗೆ ಇಣುಕುವುದಿಲ್ಲ, ಅಂಚೂ ಏಳುವುದಿಲ್ಲ.

ನಿಮ್ಮ ಕೋಣೆ 165 ಚದರ ಅಡಿ. ಅದರ ಶೇಕಡಾ 80 ಅಂದರೆ 132. ಒಂದು 9×12 ಹಾಸು 108 ಚದರ ಅಡಿ ಮುಚ್ಚುತ್ತದೆ. ಅದನ್ನು ಒಂದು ತುದಿಗೆ ಸರಿಸಿದರೆ ಇನ್ನೊಂದು ತುದಿಯಲ್ಲಿ 3 ಅಡಿ ಉಳಿಯುತ್ತದೆ, ಅಲ್ಲಿ ಅಡ್ಡಕ್ಕೆ ಎರಡೂವರೆ ಅಡಿ ಅಗಲ, 10 ಅಡಿ ಉದ್ದದ ರನ್ನರ್ ಹಾಸಿ. ಒಟ್ಟು 133 ಆಯಿತು. ಈ ಎರಡೂ ಸಾದಾ ಬಣ್ಣದ, ಅಗ್ಗದವೇ ಆಗಿರಲಿ. ಊರಿನ ಜಮಖಾನವನ್ನು ಅದರ ಮೇಲೆ, ಸೋಫಾದ ಮುಂದೆ ಹಾಸಿ. ಮಗು ಕೂತು ಆಡುವುದು ಅದರ ಮೇಲೆ, ಕೊಳೆಯಾದರೆ ಅದನ್ನಷ್ಟೇ ತೆಗೆದು ಒಗೆಯುವುದು. ಅಡುಗೆಮನೆ, ಬಾತ್‌ರೂಮಿಗೆ ಸಾಮಾನ್ಯವಾಗಿ ಈ ಷರತ್ತಿನಿಂದ ವಿನಾಯಿತಿ ಇರುತ್ತದೆ, ನಿಮ್ಮ ಲೀಸ್ ಒಮ್ಮೆ ಓದಿ ನೋಡಿ.

ಪ್ರಶ್ನೆ: ಪೂಜೆಯ ದಿನ ಹೊಸ ಹತ್ತಿ ರಗ್ ಮೇಲೆ ದೀಪದ ಎಣ್ಣೆಯೂ ಅರಿಶಿನದ ನೀರೂ ಚೆಲ್ಲಿತು. ಸೋಪು ಹಾಕಿ ಉಜ್ಜಿದರೆ ಅರಿಶಿನ ಕೆಂಪಾಯಿತು! ಹೋಗುತ್ತದಾ?
– ಓದುಗರು, ದಾವಣಗೆರೆ

ಹೋಗುತ್ತದೆ, ಗಾಬರಿಯಾಗಬೇಡಿ. ಅರಿಶಿನಕ್ಕೆ ಸೋಪಿನ ಕ್ಷಾರ ತಾಕಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಯ ಓಕುಳಿ ನೀರು ಮಾಡುತ್ತೇವಲ್ಲ, ಅದೇ ಇದು. ಚೆನ್ನಾಗಿ ನೀರು ಹಾಕಿ ಸೋಪನ್ನು ಪೂರ್ತಿ ತೊಳೆಯಿರಿ, ಮತ್ತೆ ಹಳದಿಗೆ ತಿರುಗುತ್ತದೆ.

ಆದರೆ ಮೊದಲು ಎಣ್ಣೆ. ಅದು ಇನ್ನೂ ಇದ್ದರೆ ಕಲೆಯ ಮೇಲೆ ಕಡಲೆಹಿಟ್ಟು ಅಥವಾ ಮೈದಾ ದಪ್ಪಗೆ ಉದುರಿಸಿ, ಅಂಗೈಯಿಂದ ಒತ್ತಿ, ರಾತ್ರಿಯಿಡೀ ಬಿಡಿ. ಉಜ್ಜಬೇಡಿ, ಉಜ್ಜಿದರೆ ಹರಡುತ್ತದೆ. ಬೆಳಿಗ್ಗೆ ಹಿಟ್ಟು ಎಣ್ಣೆ ಕುಡಿದು ಉಂಡೆಯುಂಡೆಯಾಗಿರುತ್ತದೆ, ಕೊಡವಿ, ಬೇಕಿದ್ದರೆ ಇನ್ನೊಮ್ಮೆ ಹಾಕಿ. ಎಣ್ಣೆ ಹೋದ ಮೇಲೆ ತಣ್ಣೀರಿನಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ತೊಟ್ಟು ಹಾಕಿ ಆ ಭಾಗವನ್ನಷ್ಟೇ ಒಗೆಯಿರಿ.

ಅರಿಶಿನ ತೆಗೆಯುವುದು ಬಿಸಿಲು. ಹಾಸು ಒದ್ದೆಯಿರುವಾಗಲೇ ಕಲೆಯ ಜಾಗ ಮಾತ್ರ ಬಿಸಿಲಿಗೆ ಬರುವ ಹಾಗೆ ತಾರಸಿಯ ಮೇಲೆ ಹರಡಿ. ಉಳಿದ ಭಾಗಕ್ಕೆ ಬೆಡ್‌ಶೀಟ್ ಮುಚ್ಚಿ, ಇಲ್ಲದಿದ್ದರೆ ರಗ್‌ನ ಬಣ್ಣವೂ ಮಾಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಳದಿ ತಿಳಿಯಾಗಿರುತ್ತದೆ. ಮತ್ತೆ ನೀರು ಚಿಮುಕಿಸಿ, ಮಾರನೆಯ ದಿನವೂ ಹಾಕಿ. ನಿಮ್ಮ ಊರಿನ ಬಿಸಿಲಿಗೆ ಮೂರು ದಿನ ಸಾಕು ಅನ್ನಿಸುತ್ತದೆ. ಆಗಲೂ ಹೋಗದಿದ್ದರೆ ಒಂದು ಫೋಟೋ ತೆಗೆದು ಕಳಿಸಿ.